ಡಾಕ್ಟರು ಬಂದಾಗ ಸುತ್ತಿಕೊಂಡ ಪಟಕಾ

ಹೋದ ಸೋಮವಾರ ಬೆಳಿಗ್ಗೆ ನಾನು ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದೆ.

ಬಣ್ಣ ಕಟ್ಟಿ ಹೇಳುತ್ತಿಲ್ಲ. ಖರೇ ಹೊರಳಾಡುತ್ತಿದ್ದೆ. ಬಲ ಪಕ್ಕೆಯ ಕೆಳಗೆ ಯಾರೋ ಒದ್ದೆ ಧೋತರ ಹಿಂಡಿದ ಹಾಗೆ ಹಿಂಡುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಹಿಂಡುತ್ತಿದ್ದರು. ನನ್ನ ವಯಸ್ಸು ಐವತ್ತೆರಡು. ಹುಕ್ಕೇರಿಯ ಮಾಮಲೇದಾರ ಕಚೇರಿಯ ಮುಂದೆ ಚಾಪೆ ಹಾಕಿ ಇಪ್ಪತ್ತು ವರ್ಷದಿಂದ ಊರ ಮಂದಿಯ ಅರ್ಜಿ ಬರೆದುಕೊಡುವವನು, ಅವರ ಬಾಯಲ್ಲಿ ಮಾಸ್ತರ. (ಅರ್ಜಿ ಹೊಟ್ಟೆಗೆ, ಈ ಅಂಕಣ ಚಟಕ್ಕೆ. ನಿಮಗೆ ಗೊತ್ತಿರುವುದೇ.) ಅಂಥ ಮನುಷ್ಯ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು, ಒಬ್ಬನೇ, ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಉರುಳುತ್ತಿದ್ದ.

ಒಬ್ಬನೇ ಎಂಬ ಮಾತನ್ನು ಬೇಕೆಂದೇ ಬರೆದೆ. ನರಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮನೆಯಲ್ಲಿ ಇನ್ನಾರೋ ಇದ್ದಾರೆ ಅನ್ನಿಸಿ ಒಮ್ಮೆ ತಿರುಗಿಯೂ ನೋಡಿದೆ. ಯಾರಿದ್ದಾರೆ? ಮೂರು ವರ್ಷದಿಂದ ಈ ಮನೆಯಲ್ಲಿ ಯಾರೂ ಇಲ್ಲ.

ಅಷ್ಟರಲ್ಲಿ ಓಣಿಯಲ್ಲಿ ಸೈಕಲ್ ಬೆಲ್ ಕೇಳಿಸಿತು. ಡಾಕ್ಟರು! ಗೋಡೆಯಾಚೆಯ ಮನೆಯ ನೀಲವ್ವ ನನ್ನ ಒದ್ದಾಟ ಕೇಳಿಸಿಕೊಂಡು, ತನ್ನ ಗಂಡನನ್ನು ಓಡಿಸಿ ಅವರನ್ನು ಕರೆಸಿದ್ದಳು.

ಆಗ ನಾನೇನು ಮಾಡಿದೆ ಗೊತ್ತೇನು?

ಎದ್ದೆ. ಗೋಡೆ ಹಿಡಿದುಕೊಂಡು ಎದ್ದೆ. ಮುಖಕ್ಕೆ ನೀರು ಹಾಕಿಕೊಂಡೆ. ಹಣೆಗೆ ವಿಭೂತಿ ಎಳೆದೆ. ಕಂಬಳಿ ಝಾಡಿಸಿ ಸರಿಯಾಗಿ ಹಾಸಿದೆ. ಗೂಟದ ಮೇಲಿನ ಪಟಕಾ ತೆಗೆದು ತಲೆಗೆ ಸುತ್ತಿಕೊಂಡೆ. ಅವಸರದಲ್ಲಿ ಸುತ್ತಿದ್ದಲ್ಲ ಮತ್ತೆ! ಒಂದೊಂದು ಸುತ್ತೂ ಅದರದರ ಜಾಗದಲ್ಲಿ ಕೂತಿತ್ತು, ಬೀಗರ ಮನೆಗೆ ಹೊರಟವರ ಪಟಕಾ ಇರುತ್ತದಲ್ಲ, ಹಾಗೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತೆ. ಡಾಕ್ಟರು ಬಾಗಿಲಲ್ಲಿ ಬಗ್ಗಿ ಒಳಗೆ ಬಂದಾಗ ನಾನು ನಗುತ್ತಿದ್ದೆ.

"ಏನ್ರೀ ಮಾಸ್ತರ, ಏನಾಗೈತಿ?"

"ಏನಿಲ್ರಿ ಸಾಹೇಬರ. ಸ್ವಲ್ಪ ಹೊಟ್ಟಿ ಹಿಡದಂಗ ಆಗೈತ್ರಿ."

"ಸ್ವಲ್ಪ ಅಂದ್ರ ಎಷ್ಟು?"

"ಸ್ವಲ್ಪ ಅಂದ್ರ ಸ್ವಲ್ಪ್ರಿ."

ಅವರು ನಾಡಿ ಹಿಡಿದರು. ನಾಲಗೆ ನೋಡಿದರು. ಪಕ್ಕೆ ಒತ್ತಿದರು. (ಒತ್ತಿದಾಗ ನನ್ನ ಕಣ್ಣಿಗೆ ಕತ್ತಲೆ ಬಂತು. ಆದರೂ ನಕ್ಕೆ.) ಕಡೆಗೆ ಸೋಲಾ ಹ್ಯಾಟು ತೊಡೆಯ ಮೇಲಿಟ್ಟುಕೊಂಡು ತೀರ್ಪು ಕೊಟ್ಟರು.

"ವಾಯು ಆಗಿರಬೇಕ್ರಿ. ಮೂತ್ರದ ಹರಳೇನೋ ಅಂತ ಅಂಜಿ ಬಂದೆ ನಾ. ಹರಳಿನ ಬ್ಯಾನಿ ಇದ್ದಾವ ಹಿಂಗ ಪಟಕಾ ಸುತಗೊಂಡು ಕುಂದ್ರತಿದ್ದಿಲ್ಲ. ನೆಲಾ ಹಿಡದು ಉಳ್ಳಾಡತಿದ್ದ."

"ಖರೇರಿ ಸಾಹೇಬರ," ಅಂದೆ ನಾನು.

ನೀಲವ್ವ ಚಹಾ ಮಾಡಿ ತಂದಳು. ಯುದ್ಧದ ಈ ದಿನಗಳಲ್ಲಿ ಸಕ್ಕರೆ ಕಣ್ಣಿಗೆ ಬೀಳುವುದೇ ಅಪರೂಪ. ನಾವೆಲ್ಲ ಬೆಲ್ಲದ ಚಹಾ ಕುಡಿಯುವವರು. ಆದರೆ ಡಾಕ್ಟರರಿಗೆಂದು ಪ್ರತಿ ಮನೆಯಲ್ಲೂ ಒಂದು ಡಬ್ಬಿಯ ತಳದಲ್ಲಿ ಒಂದಿಷ್ಟು ಸಕ್ಕರೆ ಇದ್ದೇ ಇರುತ್ತದೆ. ಅವರು ಕುಡಿದರು, "ಚಲೋ ಆಗೈತಿ" ಅಂದರು, ಡೋಸಿನ ಕಾಗದ ಅಂಟಿಸಿದ ಬಾಟಲಿಯಲ್ಲಿ ಮಿಕ್ಸ್ಚರ್ ಕೊಟ್ಟು ಹೋದರು. ಸೈಕಲ್ ಬೆಲ್ ಓಣಿ ದಾಟಿದ ಮೇಲೆ ನಾನು ಪಟಕಾ ಸಮೇತ ಮಗ್ಗುಲಿಗೆ ಬಿದ್ದೆ.

ನಗಬೇಡಿ. ಈ ಭಾಗದ ಓದುಗರಲ್ಲಿ ಹೀಗೆ ಮಾಡದವರು ಯಾರಾದರೂ ಇದ್ದರೆ ಎದೆ ಮುಟ್ಟಿಕೊಂಡು ಹೇಳಿ.

ಡಾಕ್ಟರು ಮನೆಗೆ ಬರುತ್ತಾರೆಂದರೆ ನಾವೇನು ಮಾಡುತ್ತೇವೆ? ಅಂಗಳ ಗುಡಿಸುತ್ತೇವೆ. ಪಕ್ಕದ ಮನೆಯಿಂದ ಕುರ್ಚಿ ತರುತ್ತೇವೆ. ಜ್ವರದಲ್ಲಿ ಬೇಯುತ್ತಿರುವ ಹೆಂಗಸನ್ನು ಎಬ್ಬಿಸಿ ತಲೆ ಬಾಚಿ ಇಳಕಲ್ಲ ಸೀರೆ ಉಡಿಸುತ್ತೇವೆ. ಯಾಕೆಂದರೆ ನಮಗೆ ಅವರು ಡಾಕ್ಟರು ಅಲ್ಲ, ಮನೆಗೆ ಬಂದ ದೊಡ್ಡ ಮನುಷ್ಯರು. ಬಂದವರ ಮುಂದೆ ಕಾಲು ಚಾಚಿ ನರಳುವುದು ಹೇಗೆ? ಅಷ್ಟು ದೂರ ಬಿಸಿಲಲ್ಲಿ ಸೈಕಲ್ ತುಳಿದು ಬಂದವರಿಗೆ "ನೀವು ಕೊಟ್ಟ ಔಷಧ ಏನೂ ಉಪಯೋಗ ಆಗಲಿಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ಹೇಗೆ? ಊಟಕ್ಕೆ ಕರೆದ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಅಂದ ಹಾಗಾಗುತ್ತದೆ. ಅದಕ್ಕೇ ಎಲ್ಲರದೂ ಒಂದೇ ಉತ್ತರ: "ಗುಣ ಬಂದೈತ್ರಿ."

ಡಾಕ್ಟರರೋ? ಅವರಿಗೆ ಜ್ವರ ಅಳೆಯಲು ಗಾಜಿನ ಕಡ್ಡಿ ಇದೆ. ಎದೆ ಕೇಳಲು ಕೊಳವೆ ಇದೆ. ನೋವು ಅಳೆಯಲು ಏನಿದೆ? ರೋಗಿಯ ಬಾಯಿ ಇದೆ, ಅಷ್ಟೆ. ಆ ಬಾಯಿ ನಮ್ಮದು.

ಹಾಗೆಂದು ಅವರದೇನೂ ತಪ್ಪಿಲ್ಲ ಅನ್ನುತ್ತಿಲ್ಲ ನಾನು. ಇದೆ. ನಮ್ಮ ಡಾಕ್ಟರರ ದವಾಖಾನೆ ನನ್ನ ಚಾಪೆಗೆ ಎದುರಿಗೇ ಇದೆ. ಅದರ ಕಿಟಕಿಗೆ ಪರದೆ ಇಲ್ಲ. ಅರ್ಜಿ ಬರೆಸುವವರು ಬಾರದ ದಿನ ನನಗೆ ಅದೇ ನಾಟಕ.

ಹಿಂದಿನ ತಿಂಗಳ ಒಂದು ಬೆಳಗು ಹೇಳುತ್ತೇನೆ. ಬೆಳಗಾವಿಯಿಂದ ತಪಾಸಣೆಗೆ ಬಂದಿದ್ದ ಸಾಹೇಬರೊಬ್ಬರು ದವಾಖಾನೆಗೆ ಬಂದರು. ಕಾಲಿನ ಹೆಬ್ಬೆರಳಲ್ಲಿ ಉಗುರು ಒಳಗೆ ಬೆಳೆದು ಕೀವಾಗಿತ್ತು. ಡಾಕ್ಟರು ಇನ್ನೂ ಬೆರಳು ಮುಟ್ಟಿರಲಿಲ್ಲ, ಸಾಹೇಬರು ಕೂಗಿದ ಕೂಗಿಗೆ ಕಚೇರಿಯ ಪಟ್ಟೇವಾಲಾ ಹೊರಗೆ ಓಡಿ ಬಂದ. ಕೂಡಲೇ ಸ್ಪಿರಿಟ್ ದೀಪ ಹತ್ತಿತು, ಸೂಜಿ ಕುದಿಯಿತು, ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಬಿತ್ತು. ಸಾಹೇಬರು ಸಿಗರೇಟು ಸೇದುತ್ತ ಉಗುರು ತೆಗೆಸಿಕೊಂಡರು.

ಅವರ ಹಿಂದೆಯೇ ಬೆಲ್ಲದ ಬಾಗೇವಾಡಿ ಕಡೆಯ ಕುರುಬರ ಲಕ್ಕಪ್ಪ. ಟಗರು ಗುಮ್ಮಿ ಮುಂಗೈ ಮೂಳೆ ಮುರಿದಿತ್ತು. ಕಂಪೌಂಡರ್ ಮೊಣಕೈ ಹಿಡಿದ, ಡಾಕ್ಟರು ಮಣಿಕಟ್ಟು ಹಿಡಿದು ಎಳೆದು ಮೂಳೆ ಕೂಡಿಸಿದರು. ಸೂಜಿಯೂ ಇಲ್ಲ, ದೀಪವೂ ಇಲ್ಲ. ಲಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ತುಟಿ ಪಿಟಕ್ ಅನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದ, ಆದರೆ ನಾನು ಅವನಿಗೆ ಕಾಣಿಸುತ್ತಿರಲಿಲ್ಲ.

ಡಾಕ್ಟರು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನನಗಂದರು: "ನಿಮ್ಮ ಮಂದಿ ಗಟ್ಟಿ ಬಿಡ್ರಿ ಮಾಸ್ತರ. ಜ್ವಾಳದ ರೊಟ್ಟಿ ತಿಂದ ಮೈ. ಅವರಿಗೆ ಅಷ್ಟ ಹತ್ತೂದಿಲ್ಲ."

ಲಕ್ಕಪ್ಪ ನನ್ನ ಚಾಪೆಯ ಹತ್ತಿರ ಬಂದು ಕುಕ್ಕರಿಸಿದ. ಬೆವರು ಗಲ್ಲದಿಂದ ಅಂಗಿಗೆ ಇಳಿಯುತ್ತಿತ್ತು. "ನೋವ ಆಗಲಿಲ್ಲೇನೋ ಲಕ್ಕಪ್ಪ?" ಅಂತ ಕೇಳಿದೆ.

"ಆಗದ ಏನ್ರಿ ಮಾಸ್ತರ. ಜೀವಾ ಹೋಗಿ ಬಂತು. ಆದ್ರ ಸಾಹೇಬರ ಮುಂದ ಹ್ಯಾಂಗ ಒದರೂದ್ರಿ? ಹೊರಗ ನನ್ನ ಸೊಸಿ ನಿಂತಿದ್ಲು."

ಆ ದಿನ ನನಗೆ ಡಾಕ್ಟರರ ಮೇಲೆ ಬಹಳ ಸಿಟ್ಟು ಬಂತು. ಕೂಗಿದವರಿಗೆ ಮಾತ್ರ ನೋವಿದೆಯೇ? ಕೂಗಲಿಕ್ಕೂ ದರ್ಜೆ ಬೇಕೇ? ಬಿಳಿ ಪ್ಯಾಂಟಿನ ನೋವು ನೋವು, ಕಂಬಳಿಯ ನೋವು ನೋವಲ್ಲವೇ? ಮನೆಗೆ ಬಂದು ಪೆನ್ನು ತೆಗೆದು ಇದನ್ನೆಲ್ಲ ಬರೆಯಲು ಕೂತೆ. ನಾಲ್ಕು ಸಾಲು ಬರೆದೆ. ಹರಿದು ಹಾಕಿದೆ.

ಯಾಕೆ ಹರಿದೆ ಅನ್ನುವುದನ್ನು ಹೇಳದೆ ಈ ವಾರ ನನಗೆ ಬಿಡುಗಡೆ ಇಲ್ಲ. ಡಾಕ್ಟರರನ್ನು ಬೈಯುವುದು ಸುಲಭ. ಬೈದು ಮುಗಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ನಾಲ್ಕು ಸಾಲು ಬರೆದಾಗ ಎದುರಿನ ಗೋಡೆಗೆ ಬೆನ್ನು ಕೊಟ್ಟು ಗೌರವ್ವ ಕೂತ ಹಾಗಾಯಿತು.

ಗೌರವ್ವ ನನ್ನ ಹೆಂಡತಿ. ಮೂಡಲಗಿಯ ಹೆಣ್ಣು. ಮಾತು ಕಡಿಮೆ, ಮಾತಿನ ಬದಲು ಕೆಲಸ. ನಮಗೆ ಮಕ್ಕಳಾಗಲಿಲ್ಲ. ಅದಕ್ಕೇನೋ, ಇಬ್ಬರೂ ಒಬ್ಬರಿಗೊಬ್ಬರು ಸ್ವಲ್ಪ ಹೆಚ್ಚೇ ಹತ್ತಿಕೊಂಡಿದ್ದೆವು. ಮೂರು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಗಡ್ಡೆ ಆಯಿತು. ಬಂಡಿ ಕಟ್ಟಿಸಿಕೊಂಡು ಗೋಕಾಕಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ದೊಡ್ಡ ಡಾಕ್ಟರು ನೋಡಿದರು, ನನ್ನನ್ನು ಬದಿಗೆ ಕರೆದರು, ಕೊಯ್ಯುವ ಹಂತ ದಾಟಿದೆ, ಮನೆಗೆ ಕರೆದೊಯ್ಯಿರಿ ಅಂದರು. ಅವಳು ದೂರದ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ಅವರು ಏನಂದರು ಅಂತ ಅವಳು ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಮರಳಿ ಬರುವಾಗ ಧುಪದಾಳದ ಹತ್ತಿರ ಬಂಡಿ ನಿಲ್ಲಿಸಿ ಅಂದಳು. ಮಳೆಗಾಲ. ಹೊಳೆ ತುಂಬಿ ಒಡ್ಡಿನ ಮೇಲಿಂದ ನೀರು ಧುಮುಕುತ್ತಿತ್ತು. ಆ ಸದ್ದಿನಲ್ಲಿ ಬಂಡಿ ಹೊಡೆಯುವವನು ಪಕ್ಕದಲ್ಲೇ ನಿಂತು ಮಾತಾಡಿದರೂ ಕೇಳಿಸುತ್ತಿರಲಿಲ್ಲ. "ನೀರ ನೋಡಿ ಬರ್ತೀನ್ರಿ, ನೀವು ಇಲ್ಲೇ ಇರ್ರಿ" ಅಂತ ಹೇಳಿ ನಿಧಾನ ನಡೆದು ಹೋಗಿ ಒಂದು ಬಂಡೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ಬಹಳ ಹೊತ್ತಾಯಿತು. ಜೋಲಿ ಹೋಗಿ ಬಿದ್ದಾಳು ಅಂತ ನಾನು ಹಿಂದೆಯೇ ಹೋದೆ. ಬದಿಯಿಂದ ಅವಳ ಮುಖ ಕಂಡಿತು.

ಬಾಯಿ ತೆರೆದಿತ್ತು. ಕೊರಳ ನರ ಉಬ್ಬಿದ್ದವು. ಗೌರವ್ವ ಕಿರುಚುತ್ತಿದ್ದಳು. ನೀರಿನ ಸದ್ದಿನಲ್ಲಿ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಕೇಳಿಸಬಾರದೆಂದೇ ಆ ಜಾಗ ಹುಡುಕಿಕೊಂಡಿದ್ದಳು.

ನಾನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಸುಮ್ಮನೆ ಹಿಂದಕ್ಕೆ ಬಂದು ಬಂಡಿಯ ಹತ್ತಿರ ನಿಂತೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. "ಹೋಗೂನ ನಡೀರಿ, ಹೊತ್ತಾತು" ಅಂದಳು. ಬಂಡಿ ಹತ್ತುವಾಗ ನನ್ನ ಹೆಗಲು ಹಿಡಿದಳು, ಅಷ್ಟೆ.

ಆಮೇಲೆ ಪ್ರತಿ ಗುರುವಾರ ನಮ್ಮ ಈ ಡಾಕ್ಟರೇ ಬರುತ್ತಿದ್ದರು. ಒಳ್ಳೆಯವರು. ಸುಳ್ಳು ಹೇಳಬಾರದು, ಕರೆಯದಿದ್ದರೂ ಬರುತ್ತಿದ್ದರು. ಮೊದಲ ದಿನವೇ ಚರ್ಮದ ಪೆಟ್ಟಿಗೆ ತೆರೆದು ಒಂದು ಸಣ್ಣ ಗಾಜಿನ ಕೊಳವೆ ತೋರಿಸಿದ್ದರು.

"ಇದು ಮಾರ್ಫಿಯಾ. ಬ್ಯಾನಿ ಭಾಳ ಆದ್ರ ಇದನ್ನ ಚುಚ್ಚತೇನಿ. ಆದ್ರ ಸುಮ್ಸುಮ್ನ ಕೊಡೂ ಔಷಧ ಅಲ್ಲ ಇದು. ಚಟಾ ಹತ್ತತೈತಿ. ತಡಕೊಳ್ಳಾಕ ಆಗದವರಿಗೆ ಅಷ್ಟ."

ತಡೆದುಕೊಳ್ಳಲಾಗದವರಿಗೆ! ಹೀಗೆ ಹೆಸರಿಟ್ಟು ಕೊಡುವ ಔಷಧವನ್ನು ನಮ್ಮಲ್ಲಿ ಯಾವ ಹೆಂಗಸು ಬಾಯಿ ಬಿಟ್ಟು ಕೇಳುತ್ತಾಳೆ? ಹುಟ್ಟಿದಾಗಿನಿಂದ ಅವಳಿಗೆ ಕಲಿಸಿದ್ದೇ ತಡೆದುಕೊಳ್ಳುವುದು. ಅತ್ತೆಯ ಮನೆಯಲ್ಲಿ ಹೊಗಳಿಸಿಕೊಂಡದ್ದೇ ಅದಕ್ಕೆ. ಡಾಕ್ಟರಿಗೆ ಇದು ಹೊಳೆಯಬಾರದೇ? ಹೊಳೆಯಲಿಲ್ಲ. ಓದಿದ ಪುಸ್ತಕದಲ್ಲಿ ನಮ್ಮ ಅತ್ತೆಯರ ಸುದ್ದಿ ಇರಲಿಕ್ಕಿಲ್ಲ.

ಗುರುವಾರ ಬಂತೆಂದರೆ ಗೌರವ್ವ ಬೆಳಿಗ್ಗೆಯಿಂದಲೇ ತಯಾರಿ ನಡೆಸುತ್ತಿದ್ದಳು. ಎಲುಬು ಚರ್ಮ ಒಂದಾಗಿದ್ದರೂ ತಲೆ ಬಾಚಿಕೊಳ್ಳುತ್ತಿದ್ದಳು. ಹಣೆಗೆ ವಿಭೂತಿ, ಅದರ ಕೆಳಗೆ ಕುಂಕುಮ. ಗೋಡೆಗೆ ಒರಗಿ, ಮೊಣಕಾಲು ಮಡಚಿ, ಹೊಟ್ಟೆಗೆ ಒಂದು ದಿಂಬು ಒತ್ತಿ ಹಿಡಿದು, ಆ ದಿಂಬು ಕಾಣದ ಹಾಗೆ ಸೆರಗು ಹೊದ್ದು ಕೂಡುತ್ತಿದ್ದಳು. ಡಾಕ್ಟರು ಬಂದಾಗ ನಗು.

"ಹ್ಯಾಂಗದೀರಿ ಅವ್ವಾರ?"

"ಆರಾಮ ಅದೇನ್ರಿ."

ಅವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅದೂ ಹೇಳಬೇಕು. ನನ್ನ ಕಡೆ ತಿರುಗಿ, "ನೀವು ಹೇಳ್ರಿ ಮಾಸ್ತರ. ಹ್ಯಾಂಗದಾರ?" ಅಂತ ಕೇಳುತ್ತಿದ್ದರು. ಪೆಟ್ಟಿಗೆ ತೆರೆದು ಕಂಬಳಿಯ ಮೇಲೆ ಇಟ್ಟಿರುತ್ತಿದ್ದರು.

ಕೇಳಿ. ಊರಲ್ಲಿ ನನ್ನ ಅರ್ಜಿಗೆ ಹೆಸರಿದೆ. ಬಾವಿಯ ಪಾಲು ಕಳೆದುಕೊಂಡವರು, ಅಣ್ಣನಿಂದ ಒದೆಸಿಕೊಂಡವರು, ದನ ಸರ್ಕಾರಿ ದೊಡ್ಡಿಯ ಪಾಲಾದವರು, ಎಲ್ಲರ ಗೋಳನ್ನೂ ಸರ್ಕಾರದ ಕಣ್ಣಲ್ಲಿ ನೀರು ಬರುವ ಹಾಗೆ ಬರೆಯುತ್ತೇನೆ. ಧುಪದಾಳದಲ್ಲಿ ಕಣ್ಣಾರೆ ಕಂಡು ಬಂದವನು ನಾನು. ಜಗತ್ತಿನಲ್ಲಿ ಅವಳ ನೋವಿಗೆ ಇದ್ದ ಒಬ್ಬನೇ ಸಾಕ್ಷಿ. ನಾನು ಏನು ಹೇಳಿದೆ?

"ನಿಮ್ಮ ಔಷಧದಿಂದ ಗುಣ ಬಂದೈತ್ರಿ ಸಾಹೇಬರ."

ಯಾಕೆ ಹೇಳಿದೆ? ಡಾಕ್ಟರರ ಮನಸ್ಸು ನೋಯಬಾರದೆಂದು. ಬೇಸರಪಟ್ಟು ಬರುವುದು ಬಿಟ್ಟರೆ ಎಂಬ ಅಂಜಿಕೆಯಿಂದ. ಹೆಂಡತಿ ಗಟ್ಟಿ ಕೂತಿರುವಾಗ ನಾನು ಅಳುಬುರುಕನಾಗಿ ಕಾಣಬಾರದೆಂದು. ಮತ್ತೂ ಒಂದಿತ್ತು. ಮಾರ್ಫಿಯಾ ಕೊಟ್ಟರು ಅಂದರೆ ಇನ್ನು ಮುಗಿಯಿತು ಅಂತ ಅರ್ಥ ಅಂದುಕೊಂಡಿದ್ದೆ. ಆ ಸೂಜಿ ಪೆಟ್ಟಿಗೆಯಲ್ಲಿ ಇರುವವರೆಗೆ ಅವಳು ಇರುತ್ತಾಳೆ ಅನ್ನುವ ಹುಚ್ಚು ಲೆಕ್ಕ ನನ್ನದು.

ಡಾಕ್ಟರು ಪೆಟ್ಟಿಗೆ ಮುಚ್ಚುತ್ತಿದ್ದರು. ಅದರ ಕೊಂಡಿ ಕಟ್ ಅನ್ನುತ್ತಿತ್ತು. ಹನ್ನೊಂದು ಗುರುವಾರ ಆ ಸದ್ದು ಕೇಳಿದೆ.

ಹನ್ನೆರಡನೆಯ ಗುರುವಾರ ಅವರು ಮಾತಾಡಿಸಲು ಬಂದರು. ಗೌರವ್ವನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಪಕ್ಕದ ಮನೆಯಿಂದ ತಂದ ಅದೇ ಕುರ್ಚಿಯಲ್ಲಿ ಕೂತು, ಹ್ಯಾಟು ತೊಡೆಯ ಮೇಲಿಟ್ಟುಕೊಂಡು, ಅಂತಃಕರಣದಿಂದಲೇ ಅಂದರು: "ಪುಣ್ಯವಂತರು ಬಿಡ್ರಿ. ಇಂಥಾ ರೋಗದಾಗೂ ಕಡೀತನಕಾ ಬ್ಯಾನಿ ಕಾಡಲಿಲ್ಲ."

ನಾನು "ಹೌದ್ರಿ" ಅಂದೆ.

ಮೂರು ವರ್ಷ ಈ "ಹೌದ್ರಿ"ಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಲಿಕ್ಕೆ ಮನೆಯಲ್ಲಿ ಯಾರಿದ್ದರು? ಇದ್ದಿದ್ದರೆ ಅವಳಿಗೇ ಹೇಳುತ್ತಿದ್ದೆ. ನನ್ನ ಎಲ್ಲ ಹಳವಂಡವನ್ನೂ ಅವಳಿಗೇ ಹೇಳಿ ರೂಢಿ.

ಈಗ ಈ ವಾರಕ್ಕೆ ಬರೋಣ. ಮಿಕ್ಸ್ಚರ್ ಎರಡು ದಿನ ಕುಡಿದೆ. ಬುಧವಾರ ಬೆಳಗಿನ ಹೊತ್ತಿಗೆ ನೋವು ಮತ್ತೆ ಎದ್ದಿತು. ಸೋಮವಾರದ್ದು ಅದರ ಮುಂದೆ ಏನೇನೂ ಅಲ್ಲ. ಒಲೆಯ ಕಲ್ಲಿಗೆ ಹಣೆ ಒತ್ತಿ ಹಿಡಿದು ಮಲಗಿದ್ದೆ. ಅವಳ ಹೆಸರು ಕೂಗಿದೆನಂತೆ. ನನಗೆ ನೆನಪಿಲ್ಲ, ನೀಲವ್ವ ಹೇಳಿದ್ದು.

ಬಾಗಿಲು ದೂಡಿಕೊಂಡು ಬಂದವಳೇ ಆಕೆ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಗೂಟದ ಮೇಲಿನ ನನ್ನ ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಗಂಡನನ್ನು ಆಗಲೇ ಡಾಕ್ಟರರ ಹತ್ತಿರ ಓಡಿಸಿದ್ದಳು.

ಸೈಕಲ್ ಬೆಲ್ ಕೇಳಿಸಿತು. ನನ್ನ ಕೈ ತಾನಾಗಿ ಗೂಟದ ಕಡೆ ಹೋಯಿತು.

"ಪಟಕಾ ಕೊಡಬೇ ನೀಲವ್ವ," ಅಂದೆ. "ಸಾಹೇಬರು ಬಂದ್ರು."

"ಕೊಡಾಂಗಿಲ್ಲ. ಮಕ್ಕೋರಿ ಕಾಕಾ ನೀವು."

"ಬರೀ ತಲೀಲೆ ಹ್ಯಾಂಗ..."

"ಬರೀ ತಲೀಲೇನ ಇರ್ರಿ! ಒಂದ ಸಲಾನರ ಇದ್ದಂಗ ನೋಡಲಿ ಅವರು."

ಡಾಕ್ಟರು ಬಂದು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಬರಿ ತಲೆಯಲ್ಲಿ, ವಿಭೂತಿ ಇಲ್ಲದ ಹಣೆಯಲ್ಲಿ, ಬೂದಿ ಮೆತ್ತಿದ ಅಂಗಿಯಲ್ಲಿ ನೆಲದ ಮೇಲಿದ್ದೆ. ಏಳಲು ನೋಡಿದೆ. ನೀಲವ್ವ ಹೆಗಲು ಅದುಮಿ ಕೂರಿಸಿದಳು. ಡಾಕ್ಟರರ ರೂಢಿ ರೂಢಿಯೇ ನೋಡಿ, ಅಷ್ಟಾದರೂ ಕೇಳಿದರು: "ಹ್ಯಾಂಗೈತಿ ಮಾಸ್ತರ?"

"ಸ್ವಲ್ಪ..." ಅಂತ ನಾನು ಬಾಯಿ ತೆರೆದೆ.

"ಸುಳ್ಳ ಹೇಳ್ತಾರ್ರಿ ಸಾಹೇಬರ," ಅಂದಳು ನೀಲವ್ವ. "ನಸುಕಿನಿಂದ ನೆಲಾ ಹಿಡದು ಉಳ್ಳಾಡಾಕತ್ತಾರ. ಸೋಮವಾರನೂ ಹಿಂಗ ಇದ್ರು. ನೀವು ಬಂದ್ರೆಂದ ಕೂಡಲೇ ಎದ್ದ ಪಟಕಾ ಸುತಗೊಂಡ ಕುಂತ್ರು. ಕಾಕೂನೂ ಹಿಂಗ ಮಾಡತಿದ್ಲು. ನೀವು ಹೋದ ಮ್ಯಾಲೆ ಅಕಿ ನರಳೂದು ಗ್ವಾಡಿ ಆಚಿಂದ ನನಗ ಕೇಳಸತಿತ್ತು."

ಕಾಕು ಅಂದರೆ ಗೌರವ್ವ. ನಾನು ನೀಲವ್ವನ ಮುಖ ನೋಡಿದೆ. ಆಕೆ ನನ್ನ ಮುಖ ನೋಡಲಿಲ್ಲ.

"ಆವಾಗ ನಾನೂ ಬಾಯಿ ಬಿಡಲಿಲ್ರಿ," ಅಂದಳು. "ಗಂಡ ಬಾಜೂಕ ಇದ್ದಾರ, ಅವರ ಹೇಳ್ತಾರಂತ ಸುಮ್ಕಾದೆ."

ಡಾಕ್ಟರು ಪೆಟ್ಟಿಗೆ ತೆರೆದರು. ಸ್ಪಿರಿಟ್ ದೀಪ ಹಚ್ಚಿದರು. ಹರಳಿನ ಬ್ಯಾನಿ ಇದು, ವಾಯು ಅಲ್ಲ, ತಪ್ಪಾತು ನನ್ನಿಂದ ಅಂತ ತಮ್ಮಷ್ಟಕ್ಕೆ ಗೊಣಗಿದರು. ಆ ಗಾಜಿನ ಕೊಳವೆಯ ಮೂತಿ ಮುರಿದರು. ಮೂರು ವರ್ಷದ ಹಿಂದೆ ನನಗೆ ತೋರಿಸಿದ್ದರಲ್ಲ, ಅಂಥದೇ. ತೋಳಿಗೆ ಚುಚ್ಚಿದರು. ಇರುವೆ ಕಚ್ಚಿದಷ್ಟೂ ಆಗಲಿಲ್ಲ.

ನೀಲವ್ವ ಚಹಾಕ್ಕೆ ನೀರಿಟ್ಟಳು. ಆ ನೀರು ಕುದಿದು, ಚಹಾ ಸೋಸಿ, ಡಾಕ್ಟರರ ಕೈಗೆ ಬರುವುದರೊಳಗೆ ನನ್ನ ನೋವು ಹೋಗಿತ್ತು.

ಹೋಗಿತ್ತು ಅಂದರೆ ಹೋಗಿತ್ತು! ಹಿಂಡುವ ಕೈ ಬಿಟ್ಟಿತು. ಮೈಯೆಲ್ಲ ಬೆಚ್ಚಗಾಯಿತು. ಕಿಟಕಿಯಿಂದ ಬಿಸಿಲು ಬಿದ್ದ ಜಾಗ ಕಂಡಿತು. ಹೊರಗೆ ಯಾರೋ ಕೊಡಪಾನ ಇಳಿಸಿದ್ದು ಕೇಳಿಸಿತು. ಓದುಗರೇ, ಆ ಸುಖವನ್ನು ನಾನು ಒಂದು ಗಳಿಗೆ ಅನುಭವಿಸಿರಬೇಕು. ಅದರ ಬೆನ್ನಿಗೇ ಒಂದು ಮಾತು ಬಂದು ಎದೆಗೆ ಒದೆಯಿತು.

ಇಷ್ಟೇನಾ?

ಒಂದು ಕಪ್ಪು ಚಹಾ ಆಗುವಷ್ಟು ಹೊತ್ತೇ? ಹನ್ನೊಂದು ಗುರುವಾರ ಗೌರವ್ವ ಈ ಪೆಟ್ಟಿಗೆಯಿಂದ ಒಂದು ಮಾರು ದೂರ ಕೂತಿದ್ದಳು. ಅವಳಿಗೂ ಅದಕ್ಕೂ ನಡುವೆ ಇದ್ದದ್ದು ನನ್ನ ಒಂದು ಮಾತು. ನಾನು ಆಡದ ಮಾತು.

ನೀಲವ್ವ ಲೋಟ ತೊಳೆಯಲು ಹೊರಗೆ ಹೋದಾಗ ಕೇಳಿದೆ. ನಾಲಗೆ ಸ್ವಲ್ಪ ತಡವರಿಸುತ್ತಿತ್ತು.

"ಸಾಹೇಬರ, ಅಕಿಗೂ ಇದರಿಂದ ಬ್ಯಾನಿ ಹೋಗತಿತ್ತೇನ್ರಿ? ಇಷ್ಟ ಲಗೂ?"

ಡಾಕ್ಟರು ಹ್ಯಾಟಿನ ಅಂಚು ತಿರುಗಿಸಿದರು. ಅವರಿಗೂ ಕೂದಲು ಬೆಳ್ಳಗಾಗಿವೆ. ನಾನು ಅದನ್ನು ಅಂದೇ ನೋಡಿದ್ದು.

"ಹೋಗತಿತ್ತು," ಅಂದರು. "ನಮಗ ಕಲಿಸಿದ್ದು ಹಂಗ ಮಾಸ್ತರ. ಬ್ಯಾನಿ ಅಂದವರಿಗೆ ಕೊಡ್ರಿ, ಇಲ್ಲಾ ಅಂದವರಿಗೆ ಯಾಕ ಚಟಾ ಹಚ್ಚತೀರಿ ಅಂತ. ನಾನು ಕೇಳತಿದ್ದೆ. ಅವರು ಆರಾಮ ಅಂತಿದ್ರು. ನೀವೂ ಅಂತಿದ್ರಿ." ಮತ್ತೆ ಅಂದರು: "ದಿಂಬ ಕಂಡಿತ್ತು ನನಗ. ಹೊಟ್ಟಿಗೆ ಒತ್ತಿ ಹಿಡದಿದ್ರಲ್ಲಾ, ಆ ದಿಂಬು. ಕಂಡಿತ್ತು. ಆದ್ರ ನೀವಿಬ್ಬರೂ ಇಲ್ಲಾ ಅಂದ ಮ್ಯಾಲೆ ನನಗೂ ಅದ ಸರಳ ಆತು."

ಅವರು ಸುಳ್ಳು ಹೇಳಲಿಲ್ಲ. ಆ ಮನೆಯಲ್ಲಿ ಆ ದಿನ ಸುಳ್ಳು ಹೇಳಿದವನು ನಾನೊಬ್ಬನೇ ಇರಬೇಕು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಇಬ್ಬರು ಗಂಡಸರು, ಒಬ್ಬ ಓದಿದವನು, ಒಬ್ಬ ಬರೆಯುವವನು, ಒಂದು ದಿಂಬನ್ನು ಹನ್ನೊಂದು ವಾರ ನೋಡಿಯೂ ನೋಡದ ಹಾಗೆ ಇದ್ದೆವು. ಮರ್ಯಾದೆಗೆ.

ಇದನ್ನು ಓದುವ ಡಾಕ್ಟರರೇ, ನಿಮ್ಮಲ್ಲಿ ಒಂದೇ ಬೇಡಿಕೆ. (ಬೇಡಿಕೆ ಬರೆಯುವುದು ನನ್ನ ಕಸುಬು, ಸಹಿಸಿಕೊಳ್ಳಿ.) ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಮನೆಗೆ ಹೋದಾಗ ರೋಗಿಯ ನಗು ನೋಡಬೇಡಿ, ಕೈ ಎಲ್ಲಿ ಒತ್ತಿ ಹಿಡಿದಿದ್ದಾನೆ ನೋಡಿ. ಚಹಾ ಕುಡಿದು ಅಂಗಳಕ್ಕೆ ಇಳಿದ ಮೇಲೆ ಎರಡು ನಿಮಿಷ ಅಲ್ಲೇ ಗೋಡೆಯ ಮಗ್ಗುಲಿಗೆ ನಿಂತು ಕೇಳಿ. ಪಕ್ಕದ ಮನೆಯವರನ್ನು ವಿಚಾರಿಸಿ. ಗಂಡನನ್ನಂತೂ ನಂಬಲೇಬೇಡಿ.

ಪಕ್ಕದ ಮನೆಯೂ ಇಲ್ಲದವರು ಏನು ಮಾಡಬೇಕು? ನನಗೆ ನೀಲವ್ವ ಇದ್ದಳು. ಅವಳೂ ಒಂದು ಗೋಡೆಯ ಆಚೆ.

ಡಾಕ್ಟರು ಪೆಟ್ಟಿಗೆ ಮುಚ್ಚಿದರು. ಕೊಂಡಿ ಕಟ್ ಅಂದಿತು. ನಾನು ಕಣ್ಣು ಮುಚ್ಚಿಕೊಂಡೆ. ಅವರು ಬಾಗಿಲ ತನಕ ಹೋಗಿ, ಹ್ಯಾಟು ಹಾಕಿಕೊಂಡು, ತಿರುಗಿ ನಿಂತು, ನಿಜವಾದ ಕಾಳಜಿಯಿಂದ ಕೇಳಿದರು.

"ಈಗ ಹ್ಯಾಂಗದೀರಿ ಮಾಸ್ತರ?"

"ಆರಾಮ ಅದೇನ್ರಿ," ಅಂದೆ.

ಈ ಸಲವೂ ನಂಬಿದರು.